ಗುಂಪುಗಾರಿಕೆ: ಗುಣವೋ, ದೋಷವೋ?

ಸಂಘದ ವಾರ್ಷಿಕ ಮಹಾಸಭೆ ಹತ್ತಿರ ಬಂದಾಗಲೆಲ್ಲ ನಮ್ಮ ಹಿರಿಯರ ಬಾಯಿಂದ ಒಂದು ಮಾತು ತಪ್ಪದೆ ಹೊರಡುತ್ತದೆ: “ಮೊದಲು ಎಲ್ಲರೂ ಒಂದೇ ಮನೆಯವರ ಹಾಗೆ ಇದ್ದೆವು. ಈಗ ನೋಡಿ, ಗುಂಪುಗಾರಿಕೆ ಶುರುವಾಗಿದೆ.” ಬೆಳಿಗ್ಗೆ ಪತ್ರಿಕೆ ಬಿಡಿಸಿದರೂ ಅದೇ ನಿಟ್ಟುಸಿರು. ಆ ಪಕ್ಷದಲ್ಲಿ ಎರಡು ಬಣ, ಈ ಪಕ್ಷದಲ್ಲಿ ಮೂರು ಬಣ, ಭಿನ್ನಮತೀಯರ ರಹಸ್ಯ ಸಭೆ, ವರಿಷ್ಠರಿಗೆ ದೂರು. ಈ ಬಣಗಳಿಲ್ಲದಿದ್ದರೆ ದೇಶ ಎಷ್ಟೋ ಮುಂದುವರಿಯುತ್ತಿತ್ತು ಎಂದು ಲೋಕಲ್ ರೈಲಿನಲ್ಲಿ ಪಕ್ಕದಲ್ಲಿ ನಿಂತವರು ಹೇಳಿದರೆ ನಾವೂ ತಲೆದೂಗುತ್ತೇವೆ.

ಆದರೆ ಒಂದು ಸೋಜಿಗವನ್ನು ಓದುಗರು ಗಮನಿಸಿರಬಹುದು. ಗುಂಪುಗಾರಿಕೆ ಎಂಬ ಪದವನ್ನು ಯಾರೂ ತಮ್ಮ ಗುಂಪಿಗೆ ಬಳಸುವುದಿಲ್ಲ. ನಮ್ಮದು ತತ್ತ್ವ, ಎದುರಿನವರದು ಗುಂಪುಗಾರಿಕೆ. ನಾವು ನಾಲ್ವರು ಸೇರಿ ಚಹಾ ಕುಡಿಯುತ್ತ ಮಾತನಾಡಿದರೆ ಅದು ಸಮಾಲೋಚನೆ, ಅವರು ನಾಲ್ವರು ಸೇರಿದರೆ ಪಿತೂರಿ. ಪ್ರತಿಯೊಬ್ಬರೂ ಮತ್ತೊಬ್ಬರ ಮೇಲೆಯೇ ಹೊರಿಸುವ ಈ ದೋಷ ನಿಜವಾಗಿ ದೋಷವೇ? ಪ್ರಜಾಪ್ರಭುತ್ವದ ಸಮಾಜದಲ್ಲಿ ಗುಂಪು ಕಟ್ಟುವುದು ರೋಗದ ಲಕ್ಷಣವೋ, ಜೀವದ ಲಕ್ಷಣವೋ? ಎರಡೂ ಆಗಿದ್ದರೆ ಗೆರೆ ಎಳೆಯುವುದು ಎಲ್ಲಿ? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕೆಂದಿದ್ದೇವೆ.

ನಾವು ಯಾವ ಪಕ್ಷದ ಪರವಾಗಿಯೂ ಬರೆಯುತ್ತಿಲ್ಲ, ಬರೆಯುವಂತೆಯೂ ಇಲ್ಲ. ನಾವು ಕೇಂದ್ರ ಸರ್ಕಾರದ ಗುಮಾಸ್ತರು. 1964ರ ನಡತೆ ನಿಯಮಗಳ ಪ್ರಕಾರ ನಾವು ರಾಜಕೀಯ ಪಕ್ಷದ ಸದಸ್ಯರಾಗಕೂಡದು. ಮತ ಹಾಕಬಹುದು, ಯಾರಿಗೆ ಹಾಕಿದೆವೆಂದು ತೋರಗೊಡಕೂಡದು. ಕಣಕ್ಕಿಳಿಯುವ ಅಪ್ಪಣೆಯಿಲ್ಲದವನಿಗೆ ದಂಡೆಯ ಮೇಲೆ ಕುಳಿತು ಯೋಚಿಸುವ ಬಿಡುವಾದರೂ ಇದೆಯಷ್ಟೆ.

ಮೊದಲು ನಮ್ಮ ಭಾಷೆಯನ್ನೇ ಕೇಳೋಣ. ಪಕ್ಷವೆಂದರೆ ರೆಕ್ಕೆ, ಹಕ್ಕಿಗೆ ಪಕ್ಷಿ ಎಂಬ ಹೆಸರು ಬಂದದ್ದು ಅದರಿಂದಲೇ. ಒಂದೇ ರೆಕ್ಕೆಯ ಹಕ್ಕಿ ಹಾರುವುದಿಲ್ಲ. ತಿಂಗಳಿಗೂ ಎರಡು ಪಕ್ಷಗಳು, ಶುಕ್ಲ ಮತ್ತು ಕೃಷ್ಣ. ಎರಡೂ ಸೇರಿದರೆ ತಿಂಗಳು. ನಮ್ಮ ಶಾಸ್ತ್ರಕಾರರು ವಾದಕ್ಕೆ ಕುಳಿತಾಗ ಮೊದಲು ಪೂರ್ವಪಕ್ಷವನ್ನು ಮಂಡಿಸುತ್ತಿದ್ದರು. ಎದುರಾಳಿಯ ಮಾತನ್ನು ಎದುರಾಳಿಯೇ ಒಪ್ಪುವ ಹಾಗೆ ಹೇಳಿ, ಆಮೇಲೆ ತಮ್ಮ ಸಿದ್ಧಾಂತಕ್ಕೆ ಬರುವುದು ಅಲ್ಲಿಯ ಮರ್ಯಾದೆ. ಅದೇ ‘ಪಕ್ಷ’ದಿಂದ ‘ಪಕ್ಷಪಾತ’ ಎಂಬ ಮಾತೂ ಹುಟ್ಟಿದೆ. ಅಂದರೆ ರೆಕ್ಕೆಯಾಗಬಲ್ಲದ್ದು ಒಂದು ಕಡೆಗೆ ವಾಲಿ ಬೀಳಬಲ್ಲದು ಎಂಬ ಅರಿವು ನಮ್ಮ ಮಾತಿನೊಳಗೇ ಇದೆ.

ಪ್ರಾಜ್ಞರು ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1796ರಲ್ಲಿ ಅಧಿಕಾರ ಬಿಡುವ ಮುನ್ನ ತಮ್ಮ ದೇಶದವರಿಗೆ ಕೊಟ್ಟ ಎಚ್ಚರಿಕೆಗಳಲ್ಲಿ ಪಕ್ಷದ್ವೇಷದ ಅಪಾಯ ಮುಖ್ಯವಾದದ್ದು. ಇಂಗ್ಲೆಂಡಿನ ಎಡ್ಮಂಡ್ ಬರ್ಕ್ 1770ರಲ್ಲೇ ಇದಕ್ಕೆ ವಿರುದ್ಧವಾಗಿ ವಾದಿಸಿದ್ದರು. ಒಂದು ತತ್ತ್ವದಲ್ಲಿ ನಂಬಿಕೆಯಿಟ್ಟವರು ಬಹಿರಂಗವಾಗಿ ಒಟ್ಟಾಗುವುದು ಕರ್ತವ್ಯ, ಇಲ್ಲವಾದರೆ ಒಳ್ಳೆಯವರು ಒಬ್ಬೊಬ್ಬರಾಗಿ ಸೋಲುತ್ತಾರೆ ಎಂಬುದು ಅವರ ನಿಲುವು. ಇವರಿಬ್ಬರ ನಡುವೆ ನಿಂತವರು ಜೇಮ್ಸ್ ಮ್ಯಾಡಿಸನ್. ಅಮೆರಿಕದ ಸಂವಿಧಾನದ ಪರವಾಗಿ 1787ರ ನವೆಂಬರಿನಲ್ಲಿ ಬರೆದ ಲೇಖನದಲ್ಲಿ ಅವರು ಬಣವನ್ನು ಹೊಗಳಲಿಲ್ಲ. ಇತರರ ಹಕ್ಕಿಗೂ ಸಮಾಜದ ಹಿತಕ್ಕೂ ವಿರುದ್ಧವಾಗಿ ಒಂದುಗೂಡಿದವರ ಗುಂಪೆಂದೇ ಅದನ್ನು ವರ್ಣಿಸಿದರು. ಆದರೆ ಅದನ್ನು ಬೇರುಸಹಿತ ಕೀಳುವ ಉಪಾಯಗಳು ಎರಡೇ ಎಂದರು. ಒಂದು, ಸ್ವಾತಂತ್ರ್ಯವನ್ನೇ ಕಿತ್ತುಕೊಳ್ಳುವುದು. ಇನ್ನೊಂದು, ಎಲ್ಲರಿಗೂ ಒಂದೇ ಅಭಿಪ್ರಾಯ, ಒಂದೇ ಹಿತ ಇರುವಂತೆ ಮಾಡುವುದು. ಮೊದಲನೆಯದು ರೋಗಕ್ಕಿಂತ ಕೆಟ್ಟ ಔಷಧಿ, ಎರಡನೆಯದು ಆಗದ ಹೋಗದ ಮಾತು. ಆದ್ದರಿಂದ ಬಣಗಳು ಇದ್ದೇ ಇರುತ್ತವೆ. ಯಾವ ಒಂದು ಬಣವೂ ಉಳಿದವರನ್ನು ತುಳಿಯದಂತೆ ವ್ಯವಸ್ಥೆ ಕಟ್ಟುವುದಷ್ಟೇ ನಮ್ಮ ಕೈಯಲ್ಲಿರುವುದು ಎಂಬುದು ಅವರ ನಿರ್ಣಯ. ಕೆಲವೇ ವರ್ಷಗಳಲ್ಲಿ ಅದೇ ಮ್ಯಾಡಿಸನ್ ಥಾಮಸ್ ಜೆಫರ್ಸನ್ನರ ಜೊತೆ ಸೇರಿ ಒಂದು ಪಕ್ಷವನ್ನೇ ಕಟ್ಟಿದರು. ಅನುಭವವು ಅವರಿಗೂ ಪಾಠ ಕಲಿಸಿರಬೇಕು.

ವಿಜ್ಞಾನ ಓದಿದ ನಮಗೆ ಈ ವಿಚಾರದಲ್ಲಿ ಪುಸ್ತಕದ ಒಂದು ಹಳೆಯ ಅಧ್ಯಾಯ ನೆನಪಾಗುತ್ತದೆ. ಕನ್ನಡದಲ್ಲಿ ಇಬ್ಬರ ಜಗಳಕ್ಕೂ ಘರ್ಷಣೆ ಎನ್ನುತ್ತೇವೆ. ಭೌತಶಾಸ್ತ್ರದಲ್ಲಿ ಎರಡು ಮೇಲ್ಮೈಗಳು ಒಂದಕ್ಕೊಂದು ಉಜ್ಜಿದಾಗ ಹುಟ್ಟುವ ತಡೆಗೂ ಘರ್ಷಣೆ ಎನ್ನುತ್ತೇವೆ. ಘರ್ಷಣೆ ಇಲ್ಲದಿದ್ದರೆ ಯಂತ್ರಗಳೆಲ್ಲ ಎಷ್ಟು ಸಲೀಸಾಗಿ ಓಡುತ್ತಿದ್ದವು ಎಂದು ವಿದ್ಯಾರ್ಥಿಗೆ ಮೊದಲು ಅನಿಸುತ್ತದೆ. ಆಮೇಲೆ ತಿಳಿಯುತ್ತದೆ: ಕಾಲಿಗೂ ನೆಲಕ್ಕೂ ಘರ್ಷಣೆ ಇಲ್ಲದಿದ್ದರೆ ಒಂದು ಹೆಜ್ಜೆಯನ್ನೂ ಇಡಲಾರೆವು. ಎಣ್ಣೆ ಚೆಲ್ಲಿದ ನೆಲದ ಮೇಲೆ ನಡೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಬಂಡಿ ಮುಂದೆ ಹೋಗುವುದೂ ಘರ್ಷಣೆಯಿಂದ, ಬ್ರೇಕು ಹಿಡಿದಾಗ ನಿಲ್ಲುವುದೂ ಘರ್ಷಣೆಯಿಂದ. ಅದೇ ಘರ್ಷಣೆ ಎಣ್ಣೆ ಒಣಗಿದ ಬೇರಿಂಗಿನಲ್ಲಿ ನಡೆದರೆ ಯಂತ್ರ ಕಾಯ್ದು ಕೆಡುತ್ತದೆ. ಆದ್ದರಿಂದ ಜಾಣ ಎಂಜಿನಿಯರು ಘರ್ಷಣೆ ಇರಬೇಕೆ ಬೇಡವೆ ಎಂದು ಕೇಳುವುದಿಲ್ಲ. ಎಲ್ಲಿರಬೇಕು, ಎಷ್ಟಿರಬೇಕು ಎಂದು ಕೇಳುತ್ತಾನೆ. ಬಣಗಳ ವಿಷಯದಲ್ಲಿ ನಾವು ಕೇಳಬೇಕಾದದ್ದೂ ಅದನ್ನೇ.

ಇದಕ್ಕೆ ನಮ್ಮ ನಾಡಿನ ನೆಲದಲ್ಲೇ ನಡೆದ ಒಂದು ದೊಡ್ಡ ದೃಷ್ಟಾಂತವಿದೆ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯನ್ನು ನಾವೆಲ್ಲ ಫಲಪುಷ್ಪ ಪ್ರದರ್ಶನಕ್ಕಾಗಿ ನೆನೆಯುತ್ತೇವೆ. 1969ರ ಜುಲೈಯಲ್ಲಿ ಅಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತ್ತು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು, ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಗಳಾಗಿದ್ದವರು. ಪ್ರಧಾನಿ ಇಂದಿರಾ ಗಾಂಧಿ. ಆ ವರ್ಷದ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡಿದ್ದರಿಂದ ಹೊಸ ರಾಷ್ಟ್ರಪತಿಯ ಅಭ್ಯರ್ಥಿ ಯಾರೆಂಬ ಪ್ರಶ್ನೆ ಎದ್ದಿತ್ತು. ಪಕ್ಷದ ಸಂಸದೀಯ ಮಂಡಳಿ ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿ ಬಹುಮತದಿಂದ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಕೆಲವೇ ದಿನಗಳಲ್ಲಿ ಪ್ರಧಾನಿಯವರು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ತೆಗೆದುಕೊಂಡರು. ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಆಗಸ್ಟಿನಲ್ಲಿ ರಾಷ್ಟ್ರಪತಿ ಚುನಾವಣೆ ಬಂದಾಗ ಆತ್ಮಸಾಕ್ಷಿಯಂತೆ ಮತ ಹಾಕಬೇಕೆಂಬ ಕರೆ ಹೊರಟಿತು. ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದ ಮೇಲೆ ಸ್ವತಂತ್ರ ಅಭ್ಯರ್ಥಿ ವಿ.ವಿ. ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮೌಲ್ಯದ ಮತಗಳು ಬಿದ್ದಿದ್ದವು. ನವೆಂಬರ್ 12ರಂದು ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ಪಕ್ಷ ಎರಡಾಯಿತು.

ಇದರಲ್ಲಿ ಯಾರದು ಸರಿ? ಪಕ್ಷದ ಸಭೆಯಲ್ಲಿ ಬಹುಮತದಿಂದ ಆದ ತೀರ್ಮಾನಕ್ಕೆ ಎಲ್ಲರೂ ಬದ್ಧರಾಗಿರಬೇಕೆಂದವರ ಮಾತಿನಲ್ಲಿ ನ್ಯಾಯವಿಲ್ಲವೆ? ಪಕ್ಷಕ್ಕಿಂತ ದೇಶದ ಹಿತವೂ ತನ್ನ ಮನಸ್ಸಾಕ್ಷಿಯೂ ದೊಡ್ಡದೆಂದವರ ಮಾತಿನಲ್ಲಿ ನ್ಯಾಯವಿಲ್ಲವೆ? ಎರಡರಲ್ಲೂ ಇದೆ, ಎರಡರ ಹಿಂದೆಯೂ ಅಧಿಕಾರದ ಆಸೆ ಇರಲಿಲ್ಲವೆಂದು ಹೇಳಲಾಗದು. ಆದರೆ ಒಂದು ಮಾತನ್ನು ಒಪ್ಪಬೇಕು. ಬ್ಯಾಂಕು ಯಾರದಾಗಿರಬೇಕು, ಮಾಜಿ ರಾಜರಿಗೆ ರಾಜಧನ ಕೊಡಬೇಕೆ ಎಂಬ ಪ್ರಶ್ನೆಗಳು ಆ ಜಗಳದಿಂದಾಗಿಯೇ ನಾಯಕರ ಕೋಣೆಯಿಂದ ಹೊರಬಂದು ಹಳ್ಳಿಯ ಕಟ್ಟೆಯ ಮೇಲೆ ಕುಳಿತವು. 1971ರಲ್ಲಿ ಜನ ತೀರ್ಪು ಕೊಟ್ಟರು. ಇಂದಿರಾ ಬಣಕ್ಕೆ ಲೋಕಸಭೆಯಲ್ಲಿ 352 ಸ್ಥಾನ. ನಮ್ಮ ರಾಜ್ಯದ 27ಕ್ಕೆ 27. ಮರುವರ್ಷ ದೇವರಾಜ ಅರಸರು ಮುಖ್ಯಮಂತ್ರಿಗಳಾದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿಪದ್ಧತಿಯ ಬುಡಕ್ಕೇ ಕೈಹಾಕಿತು. ಬಣಜಗಳದಿಂದಲೇ ಉಳುವವನಿಗೆ ಹೊಲ ಬಂತೆನ್ನುವುದು ಅತಿಶಯೋಕ್ತಿ. ಆದರೆ ಹಳೆಯ ಮನೆ ಬಿರಿದದ್ದರಿಂದ ಅದುವರೆಗೆ ಹೊರಗೆ ನಿಂತಿದ್ದ ಎಷ್ಟೋ ಜನರಿಗೆ ಒಳಗೆ ಬರಲು ದಾರಿಯಾಯಿತು ಎಂದರೆ ತಪ್ಪಾಗಲಾರದು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಬಣಗಳಿಗೆ ಜಯಕಾರ ಹಾಕಿ ಸುಮ್ಮನಿರಬಹುದಾಗಿತ್ತು. ಗೆದ್ದ ಪಕ್ಷದಲ್ಲಿ ಮುಂದೆ ಏನಾಯಿತೆಂದು ನೋಡಬೇಕು. 1972ರ ನಂತರ ಆ ಪಕ್ಷದಲ್ಲಿ ಸಂಘಟನೆಯ ಚುನಾವಣೆಗಳು ನಿಂತುಹೋದವು. ಮತ್ತೆ ನಡೆದದ್ದು ಇಪ್ಪತ್ತು ವರ್ಷಗಳ ನಂತರ, 1992ರಲ್ಲಿ. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂದಾಗ ಪಕ್ಷದೊಳಗೆ ಬೇಡವೆನ್ನುವ ಧ್ವನಿಗಳು ಬಹಳ ಕಡಿಮೆಯಾಗಿದ್ದವು. ಇದ್ದ ಕೆಲವರಲ್ಲಿ ಒಬ್ಬರಾದ ಚಂದ್ರಶೇಖರರು ಪಕ್ಷದ ಕಾರ್ಯಕಾರಿ ಸಮಿತಿಯ ಸದಸ್ಯರಾಗಿದ್ದೂ ಸೆರೆಮನೆ ಸೇರಿದರು. 1969ರಲ್ಲಿ ಮನಸ್ಸಾಕ್ಷಿಗೆ ಇದ್ದ ಜಾಗ ಆರೇ ವರ್ಷಗಳಲ್ಲಿ ಇಲ್ಲವಾಗಿತ್ತು. ಬಂಡಿ ವೇಗವಾಗಿ ಓಡುತ್ತಿತ್ತು, ನಿಜ. ಆದರೆ ಬ್ರೇಕು ಹಿಡಿಯುವ ಘರ್ಷಣೆಯೇ ಉಳಿದಿರಲಿಲ್ಲ. ಇದರಿಂದ ನಮಗೆ ತೋರುವುದಿಷ್ಟು: ಎರಡು ಬಣಗಳಿದ್ದಾಗ ಗದ್ದಲವಾಗುತ್ತದೆ, ಒಂದೇ ಬಣ ಉಳಿದಾಗ ಅನರ್ಥವಾಗುತ್ತದೆ.

ಆ ಒಡಕಿನ ಸಣ್ಣದೊಂದು ಚೂರು ನಮ್ಮ ಮನೆಗೂ ಬಿದ್ದಿತ್ತು. ನಮ್ಮ ಅಜ್ಜ ಹಸು-ಕರುವಿನ ಕಡೆ. ಅವರ ತಮ್ಮ ನಿಜಲಿಂಗಪ್ಪನವರ ಅಭಿಮಾನಿ, ಚರಕದ ಕಡೆ. 1971ರ ಚುನಾವಣೆಯಲ್ಲಿ ಆಡಿದ ಮಾತಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು. ಒಂದೇ ಬಾವಿಯ ನೀರು, ಒಂದೇ ಗೋಡೆ. ಆದರೂ ಹಬ್ಬಕ್ಕೆ ಹೋಳಿಗೆ ಆಚೆ ಹೋಗಲಿಲ್ಲ. ಮುಂದೆ 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತ ವೀರೇಂದ್ರ ಪಾಟೀಲರು ಕೆಲ ವರ್ಷಗಳಲ್ಲಿ ಅವರದೇ ಪಕ್ಷಕ್ಕೆ ಬಂದರು. 1989ರಲ್ಲಿ ಆ ಪಕ್ಷದಿಂದಲೇ ಮುಖ್ಯಮಂತ್ರಿಗಳೂ ಆದರು. ನಾಯಕರಿಗೆ ನಾಯಕರು ಸೇರಿಕೊಂಡರು. ನಮ್ಮ ಅಜ್ಜಂದಿರು ಮಾತ್ರ ಮಾತಾಡದೆಯೇ ಹೋದರು. ನಾಯಕನಿಗೆ ಜಗಳವೊಂದು ಕಾಲದ ಮಾತು. ಅನುಯಾಯಿ ಅದನ್ನು ರಕ್ತಕ್ಕೆ ಇಳಿಸಿಕೊಳ್ಳುತ್ತಾನೆ. ಪ್ರಶ್ನೆಯೊಂದರ ಸುತ್ತ ಕಟ್ಟಿದ ಗುಂಪು ಪ್ರಶ್ನೆ ಮುಗಿದ ಮೇಲೆ ಚದುರಬೇಕು. ಚದುರದಿದ್ದರೆ ಅದು ಹುಟ್ಟಿನಿಂದ ಬಂದ ಜಾತಿಯಂತೆ ಗಟ್ಟಿಯಾಗುತ್ತದೆ.

ಇನ್ನೊಂದು ಜಾತಿಯ ಗುಂಪನ್ನೂ ನಾವು ಕಂಡಿದ್ದೇವೆ. 1967ರಲ್ಲಿ ಹರಿಯಾಣದ ಗಯಾ ಲಾಲ್ ಎಂಬ ಶಾಸಕರು ಹದಿನೈದು ದಿನಗಳೊಳಗೆ ಮೂರು ಸಲ ಪಕ್ಷ ಬದಲಿಸಿ ‘ಆಯಾರಾಮ್ ಗಯಾರಾಮ್’ ಎಂಬ ಗಾದೆಗೆ ಕಾರಣರಾದರು. ಈ ಪಿಡುಗಿಗೆ ಮದ್ದೆಂದು 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ಶಾಸಕಾಂಗ ಪಕ್ಷದ ಮೂರನೆಯ ಒಂದು ಭಾಗ ಒಡೆದು ಬಂದರೆ ಅದನ್ನು ಪಕ್ಷಾಂತರವೆನ್ನದೆ ಒಡಕೆಂದು ಒಪ್ಪುವ ಕಿಟಕಿಯೊಂದು ಅದರಲ್ಲಿತ್ತು. ಅದರ ದುರುಪಯೋಗವಾಗಿ 2003ರ ತಿದ್ದುಪಡಿ ಅದನ್ನೂ ಮುಚ್ಚಿತು. ಉದ್ದೇಶ ಒಳ್ಳೆಯದೇ. ಆದರೆ ಪಕ್ಷದ ವಿಪ್ಪಿಗೆ ವಿರುದ್ಧವಾಗಿ ಮತ ಹಾಕಿದವನ ಸ್ಥಾನವೇ ಹೋಗುವುದಾದರೆ, ಹಣಕ್ಕೆ ಮಾರಿಕೊಂಡವನೂ ಮನಸ್ಸಾಕ್ಷಿಗೆ ಅಂಜಿದವನೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತಾರೆ. ಸದನದಲ್ಲಿ ಎದ್ದುನಿಂತು ಭಿನ್ನಮತ ಹೇಳುವ ಬಾಗಿಲು ಮುಚ್ಚಿದಾಗ ಭಿನ್ನಮತ ಸಾಯುವುದಿಲ್ಲ. ಹಿತ್ತಿಲ ಬಾಗಿಲಿನಿಂದ ಹೊರಡುತ್ತದೆ. 2019ರ ಜುಲೈಯಲ್ಲಿ ಕರ್ನಾಟಕದ ಭಿನ್ನಮತೀಯ ಶಾಸಕರಲ್ಲಿ ಹಲವರು ನಮ್ಮ ಮುಂಬಯಿಯ ಹೋಟೆಲಿನಲ್ಲೇ ಬೀಡುಬಿಟ್ಟದ್ದನ್ನು ಇಲ್ಲಿಯ ಕನ್ನಡಿಗರು ಮರೆತಿರಲಾರರು. ಜುಲೈ 23ರಂದು ವಿಶ್ವಾಸಮತ 99ಕ್ಕೆ 105ರಿಂದ ಬಿದ್ದಾಗ ಅವರು ಸದನದಲ್ಲಿರಲಿಲ್ಲ. 17 ಶಾಸಕರು ಅನರ್ಹರಾದರು. ಅನರ್ಹತೆಯನ್ನು ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯ ಅವರಿಗೆ ಮತ್ತೆ ಚುನಾವಣೆಗೆ ನಿಲ್ಲಲು ಅವಕಾಶ ಕೊಟ್ಟಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಬಹುಮಂದಿ ಗೆದ್ದೂ ಬಂದರು. ಅವರ ಒಳಮನಸ್ಸು ಏನಿತ್ತೋ ಅದರ ವಿಚಾರಣೆ ನಮ್ಮ ಕೆಲಸವಲ್ಲ. ಆದರೆ ಅವರ ಭಿನ್ನಮತ ಯಾವ ಪ್ರಶ್ನೆಯ ಮೇಲೆ ಎಂಬುದು ಆ ದಿನ ಸದನದಲ್ಲಿ ಅವರ ಬಾಯಿಂದಲೇ ನಾಡಿಗೆ ಕೇಳಿಸಿದ್ದರೆ ಚೆನ್ನಾಗಿತ್ತು.

ಬಣದ ಬಲವನ್ನು ಅಳೆಯಬೇಕಾದದ್ದು ಎಲ್ಲಿ ಎಂಬುದಕ್ಕೂ ಕನ್ನಡ ನಾಡೇ ದೇಶಕ್ಕೆ ಪಾಠವಾಯಿತು. 1989ರ ಏಪ್ರಿಲಿನಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರಿಗೆ ಬೆಂಬಲವಿಲ್ಲವೆಂದು 19 ಶಾಸಕರ ಪತ್ರಗಳು ರಾಜ್ಯಪಾಲರ ಕೈಸೇರಿದವು. ಮರುದಿನವೇ ಅವರಲ್ಲಿ ಏಳು ಮಂದಿ ಮಾತು ಬದಲಿಸಿದರು. ಸದನದಲ್ಲಿ ಬಹುಮತ ತೋರಿಸುವೆನೆಂದರೂ ಅವಕಾಶ ಸಿಗದೆ ಬೊಮ್ಮಾಯಿಯವರ ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಮೊಕದ್ದಮೆಯಲ್ಲಿ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದ ನೆಲದ ಮೇಲೆ ಎಂದು ಸಾರಿತು. ಮುಚ್ಚಿದ ಲಕೋಟೆಯಲ್ಲಿ ಎಣಿಸಿದ ತಲೆ ರಾತ್ರಿ ಕಳೆಯುವುದರೊಳಗೆ ಹೆಚ್ಚು ಕಡಿಮೆಯಾಗುತ್ತದೆ. ಬೆಳಕಿನಲ್ಲಿ ಎತ್ತಿದ ಕೈಯನ್ನು ಎಲ್ಲರೂ ನೋಡಿರುತ್ತಾರೆ.

ಹೀಗೆ ದೇಶದ ತಪ್ಪುಗಳನ್ನು ಎಣಿಸುವುದು ಸುಲಭ. ನಮ್ಮ ತಪ್ಪೊಂದನ್ನು ಹೇಳದೆ ಈ ಲೇಖನ ಮುಗಿಸಿದರೆ ಅದು ಅಪ್ರಾಮಾಣಿಕವಾದೀತು.

ಹನ್ನೆರಡು ವರ್ಷಗಳ ಹಿಂದೆ ನಾವು ಇದೇ ಊರಿನ ಬೇರೊಂದು ಬಡಾವಣೆಯಲ್ಲಿದ್ದೆವು. ಅಲ್ಲಿಯ ಕನ್ನಡಿಗರ ಒಂದು ಚಿಕ್ಕ ಸಂಘದಲ್ಲಿ ಕೂಡಿಟ್ಟ ಹಣವಿತ್ತು. ಸೋರುವ ಸಭಾಂಗಣವನ್ನು ದುರಸ್ತಿ ಮಾಡಿಸಬೇಕೆಂದು ಒಂದು ಗುಂಪು. ಮಕ್ಕಳ ಭಾನುವಾರದ ಕನ್ನಡ ತರಗತಿಗೆ ಸಂಬಳದ ಶಿಕ್ಷಕರನ್ನಿಟ್ಟು ಅದನ್ನು ಬೆಳೆಸಬೇಕೆಂದು ಇನ್ನೊಂದು ಗುಂಪು. ಎರಡೂ ಒಳ್ಳೆಯ ಕೆಲಸಗಳೇ. ನಾವು ಸಭಾಂಗಣದ ಕಡೆ. ಮಹಾಸಭೆಯಲ್ಲಿ ವಾದವಾಯಿತು, ಕೈ ಎತ್ತಿಸಿದರು, ನಾವು ಹನ್ನೊಂದು ಮತಗಳಿಂದ ಗೆದ್ದೆವು. ಇಲ್ಲಿಯವರೆಗೆ ಯಾವ ತಪ್ಪೂ ಇರಲಿಲ್ಲ. ತಪ್ಪು ನಡೆದದ್ದು ಗೆದ್ದ ಮೇಲೆ. ಎದುರು ಗುಂಪಿನವರ ಹೆಸರುಗಳನ್ನು ಒಂದೊಂದಾಗಿ ಎಲ್ಲ ಉಪಸಮಿತಿಗಳಿಂದ ತೆಗೆದೆವು. ಒಂಬತ್ತು ವರ್ಷ ಸಂಬಳವಿಲ್ಲದೆ ತರಗತಿ ನಡೆಸಿದ ಧಾರವಾಡದ ಕಡೆಯ ಹಿರಿಯ ಮಹಿಳೆಯೊಬ್ಬರಿದ್ದರು. ಮಕ್ಕಳೂ ದೊಡ್ಡವರೂ ಅವರನ್ನು ಅಕ್ಕಾವ್ರು ಎನ್ನುತ್ತಿದ್ದರು. ಅವರೂ ಸೋತವರ ಕಡೆ ಕೈ ಎತ್ತಿದ್ದರು. ದುರಸ್ತಿಯ ನೆಪದಲ್ಲಿ ಅವರಿಂದ ಕೋಣೆಯ ಬೀಗದಕೈ ತರುವ ಕೆಲಸ ಜಂಟಿ ಕಾರ್ಯದರ್ಶಿಯಾಗಿದ್ದ ನಮ್ಮ ಪಾಲಿಗೆ ಬಂತು. ನಾವು ಹೋದೆವು. ಅವರು ಒಳಗೆ ಹೋಗಿ ಒಂದು ಬಟ್ಟೆಯ ಚೀಲ ತಂದು ಕೊಟ್ಟರು. “ತಗೋರಿ, ಹಾಜರಿ ಪುಸ್ತಕಾನೂ ಇದರಾಗs ಅದ” ಎಂದರು. ಬೇರೆ ಮಾತಾಡಲಿಲ್ಲ. ಚಹಾ ಮಾತ್ರ ಕೊಟ್ಟರು.

ಸಭಾಂಗಣದ ದುರಸ್ತಿ ಚೆನ್ನಾಗಿಯೇ ಆಯಿತು. ತರಗತಿ ಮತ್ತೆ ತೆರೆಯಲಿಲ್ಲ. ಸೋತವರು ಸಭೆಗಳಿಗೆ ಬರುವುದನ್ನು ಬಿಟ್ಟರು. ಒಂದೆರಡು ವರ್ಷಗಳಲ್ಲಿ ತಮ್ಮದೇ ಬೇರೆ ಸಂಘ ಕಟ್ಟಿಕೊಂಡರು. ಒಂದೇ ಬಡಾವಣೆಯಲ್ಲಿ ಒಂದೇ ಸಂಜೆ ಎರಡು ರಾಜ್ಯೋತ್ಸವಗಳು, ಎರಡರಲ್ಲೂ ಅರ್ಧ ಖಾಲಿ ಕುರ್ಚಿಗಳು. ಆಗ ಐದು ವರ್ಷದವಳಾಗಿದ್ದ ನಮ್ಮ ಮಗಳು ಮರುವರ್ಷ ಆ ತರಗತಿಗೆ ಸೇರಬೇಕಾಗಿತ್ತು. ಈಗ ಅವಳು ಕಾಲೇಜಿಗೆ ಕಾಲಿಟ್ಟಿದ್ದಾಳೆ. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಈ ಲೇಖನವನ್ನು ಅವಳಿಗೆ ನಾವೇ ಓದಿ ಹೇಳಬೇಕು. ಮನೆಯಲ್ಲಿ ನಾವೇ ಕಲಿಸಬಹುದಾಗಿತ್ತಲ್ಲ ಎಂದು ಓದುಗರು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಅಂದು ಸಂಘವನ್ನು ಕೆಡಿಸಿದ್ದು ಗುಂಪುಗಾರಿಕೆ ಎಂದು ಬಹಳ ದಿನ ನಂಬಿದ್ದೆವು. ಈಗ ಹಾಗೆನಿಸುವುದಿಲ್ಲ. ಎರಡು ಗುಂಪುಗಳಿದ್ದುದರಿಂದಲೇ ಹಣದ ಲೆಕ್ಕವನ್ನು ಎಲ್ಲರೂ ಕಣ್ಣಿಟ್ಟು ನೋಡಿದ್ದರು. ಅಂದಿನ ಮಹಾಸಭೆಯಷ್ಟು ಜನ ಸೇರಿದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಕೆಡಿಸಿದ್ದು ಸೋತ ಗುಂಪಿಗೆ ಕುರ್ಚಿ ಉಳಿಸದ ನಮ್ಮ ಗೆಲುವು. ಹೊರಟುಹೋದವರಿಗೂ ತುಸು ಪಾಲಿದೆ. ಸೋತ ಮೇಲೂ ಮನೆಯಲ್ಲೇ ಉಳಿದು ಮುಂದಿನ ವರ್ಷಕ್ಕೆ ವಾದ ಮಾಡುವ ತಾಳ್ಮೆ ಅವರಲ್ಲಿರಲಿಲ್ಲ. ಆದರೆ ಮೊದಲ ಹೊಣೆ ಗೆದ್ದವರದು, ಏಕೆಂದರೆ ಬೀಗದಕೈ ಇದ್ದದ್ದು ನಮ್ಮ ಕೈಯಲ್ಲಿ.

ಆದ್ದರಿಂದ ಬಣವೊಂದನ್ನು ತೂಗಲು ಮೂರು ಪ್ರಶ್ನೆಗಳು ಸಾಕೆಂದು ನಮಗೆ ತೋರುತ್ತದೆ. ಅದು ಒಂದು ಪ್ರಶ್ನೆಯ ಸುತ್ತ ಕೂಡಿದೆಯೋ, ಒಬ್ಬ ವ್ಯಕ್ತಿಯ ಅಥವಾ ಒಂದು ಹುಟ್ಟಿನ ಸುತ್ತಲೋ? ತನ್ನ ಮಾತನ್ನು ಬಯಲಿನಲ್ಲಿ ಆಡಿ, ಬಯಲಿನಲ್ಲಿ ಎಣಿಸಿಕೊಳ್ಳಲು ಸಿದ್ಧವಿದೆಯೋ? ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು: ಗೆದ್ದ ಮೇಲೆ ಸೋತವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಲ್ಲದೋ? ನಮ್ಮಲ್ಲಿ ಕರಾವಳಿಯವರು, ಉತ್ತರ ಕರ್ನಾಟಕದವರು, ಹಳೇ ಮೈಸೂರಿನವರು ಎಂದು ಊರ ಲೆಕ್ಕದ ಗುಂಪುಗಳಾದಾಗ ಮೊದಲ ಪ್ರಶ್ನೆಯಲ್ಲೇ ನಾವು ತೇರ್ಗಡೆಯಾಗುವುದಿಲ್ಲ. ಹುಟ್ಟಿದ ಊರನ್ನು ಯಾವ ವಾದದಿಂದಲೂ ಬದಲಿಸಲಾಗದು, ಅಭಿಪ್ರಾಯವನ್ನು ಬದಲಿಸಬಹುದು. ಬದಲಿಸಬಹುದಾದದ್ದರ ಮೇಲೆ ಗುಂಪಾಗುವುದೇ ಕ್ಷೇಮ.

ಬರುವ ಮಹಾಸಭೆಗೆ ಎರಡು ಪಟ್ಟಿಗಳು ಬಂದರೆ ಹಿರಿಯರು ನೊಂದುಕೊಳ್ಳಬಾರದೆಂದು ನಮ್ಮ ವಿನಂತಿ. ಬರಲಿ. ಎರಡೂ ಕಡೆಯವರು ತಮಗೆ ಏನು ಬೇಕೆಂದು ಎದ್ದುನಿಂತು ಹೇಳಲಿ, ಕೈ ಎತ್ತಲಿ, ಎಣಿಕೆಯಾಗಲಿ. ಆಮೇಲೆ ಗೆದ್ದವರು ಮಾಡುವ ಮೊದಲ ಕೆಲಸ ಸೋತವರ ಮನೆಗೆ ಹೋಗುವುದಾಗಿರಲಿ. ಬೀಗದಕೈ ಕೇಳಲು ಅಲ್ಲ, ಕೊಡಲು.